ಮೂರು ಗೆರೆಯ ಬಾಟ್ಲಿ

ಮೇಸ್ತ್ರಿಯವರ ಶ್ರದ್ಧಾಂಜಲಿ ಸಭೆಯಲ್ಲಿ ಐದು ಜನ ಮಾತಾಡಿದರು. ಐದೂ ಜನ ಸುಳ್ಳು ಹೇಳಿದರು. ಆರನೆಯವನಾಗಿ ನನ್ನನ್ನು ಕರೆದಾಗ ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿ ಕೂತುಬಿಟ್ಟೆ. ಅದು ಆರನೆಯ ಸುಳ್ಳು.

ಸಭೆ ನಡೆದದ್ದು ತುಮಕೂರಿನ ಸದಾಶಿವನಗರದ ಒಂದು ಸಣ್ಣ ಸಮುದಾಯ ಭವನದಲ್ಲಿ. ಮೇಜಿನ ಮೇಲೆ ಅವರ ಫೋಟೋ, ಅದಕ್ಕೆ ಚೆಂಡುಹೂವಿನ ಹಾರ. ಎದೆಯ ತನಕ ಮಾತ್ರ ಕಾಣುವ ಫೋಟೋ. ಹಣೆಗೆ ವಿಭೂತಿ, ಎಡ ಭುಜದ ಮೇಲೆ ಬಿಳಿ ಬಟ್ಟೆ. ಮೊದಲ ಭಾಷಣಕಾರರು ಅದನ್ನೇ ಹಿಡಿದುಕೊಂಡರು. "ಹೆಗಲ ಮೇಲೊಂದು ಟವೆಲ್, ಕೈಯಲ್ಲೊಂದು ಸ್ಪಾನರ್, ಇಷ್ಟೇ ಅವರ ಆಸ್ತಿ." ಆ ಮನುಷ್ಯನ ಗಾಡಿ ರಿಪೇರಿ ಶೆಡ್ಡಿನಲ್ಲಿ ಐದಾರು ವರ್ಷ ಓಡಾಡಿದವನು ನಾನು. ಅವರು ಹೆಗಲ ಮೇಲೆ ಟವೆಲ್ ಹಾಕಿದ್ದನ್ನು ಕಂಡವನಲ್ಲ. ಯಾರಾದರೂ ಹಾಗೆ ಹಾಕಿಕೊಂಡು ಓಡುವ ಎಂಜಿನ್ ಮೇಲೆ ಬಗ್ಗಿದರೆ, "ಫ್ಯಾನ್ ಬೆಲ್ಟಿಗೆ ನಿನ್ ಕತ್ತು ಕೊಡ್ತೀಯೇನ್ಲಾ?" ಎಂದು ಕಿತ್ತೆಸೆಯುತ್ತಿದ್ದವರು ಅವರು.

ಕೊನೆಗೆ ಎದ್ದವರು ಕುಣಿಗಲ್ಲಿನ ಗುತ್ತಿಗೆದಾರರು. ರಸ್ತೆ ಕೆಲಸ ಹಿಡಿದು ಬೆಳೆದವರು, ವೇಗದ ಕಾರಿನ ಹುಚ್ಚಿನವರು. ಕರ್ಚೀಫಿನಿಂದ ಕಣ್ಣೊರೆಸಿಕೊಂಡು, "ನನ್ ಗಾಡೀನ ಇವರ ಕೈಗಲ್ಲದೆ ಬೇರೆಯವರ ಕೈಗೆ ಕೊಟ್ಟೋನಲ್ಲ ನಾನು" ಎಂದರು. ಇದೇ ಬಾಯಿ ಆರು ವರ್ಷದ ಹಿಂದೆ ಗುಬ್ಬಿಯಿಂದ ಕುಣಿಗಲ್ಲಿನ ತನಕ ಒಂದು ಹೋಟೆಲ್ಲನ್ನೂ ಬಿಡದೆ, "ಬೂದಿ ಬಳಿದು ಎಂಜಿನ್ ಸುಟ್ಟವ್ನೆ ಕಣ್ರೀ ಆ ಮೇಸ್ತ್ರಿ" ಎಂದು ಹೇಳಿಕೊಂಡು ತಿರುಗಿತ್ತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡಿದ್ದನ್ನು ಏನು ಮಾಡುವುದು?

ಎದ್ದು ಅವರ ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅವರನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಊರು ಗುಬ್ಬಿ, ಓದುತ್ತಿದ್ದದ್ದು ತುಮಕೂರಿನಲ್ಲಿ. ಕುಣಿಗಲ್ ರಸ್ತೆಯಲ್ಲಿ ಸ್ಕೂಟರ್ ನಿಂತುಹೋಗಿ, ತಳ್ಳಿಕೊಂಡು ಅವರ ಶೆಡ್ಡಿಗೆ ಹೋದೆ.

"ಏನ್ ಓದ್ತಿದೀಯ?" ಎಂದರು.

"ಮೆಕ್ಯಾನಿಕಲ್ ಇಂಜಿನಿಯರಿಂಗ್."

"ಮತ್ತೆ ಸ್ಕೂಟರ್ ಯಾಕ್ ತಳ್ಕೊಂಡ್ ಬಂದೆ?"

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ಅದು ಅವರಿಗೆ ನಿಜವಾದ ಪ್ರಶ್ನೆಯೇ ಆಗಿತ್ತು, ಉತ್ತರಕ್ಕಾಗಿ ಕಾಯುತ್ತ ನಿಂತಿದ್ದರು.

ಊರ್ಡಿಗೆರೆ ಕಡೆಯವರು. ಕುಳ್ಳು, ಅಗಲ ಅಂಗೈ. ಯಾರಿಗಾದರೂ ಕೈ ಕೊಡುವ ಮೊದಲು ವೇಸ್ಟ್ ಬಟ್ಟೆಯಿಂದ ಬೆರಳನ್ನು ಒಂದೊಂದಾಗಿ ಒರೆಸಿಕೊಳ್ಳುವರು, ಎದುರಿಗಿರುವವರು ಚಾಚಿದ ಕೈ ಚಾಚಿಕೊಂಡೇ ನಿಂತಿರಬೇಕು. ಸಿಟ್ಟಿನ ಮನುಷ್ಯ. ಆದರೆ ಸಿಟ್ಟು ತಲೆಗೇರಿದಾಗ ದನಿ ಇಳಿಯುತ್ತಿತ್ತು, ಮಾತು ಬಹುವಚನಕ್ಕೆ ಹೋಗುತ್ತಿತ್ತು. "ಏನ್ಲಾ" ಅನ್ನುತ್ತಿರುವ ತನಕ ಭಯವಿಲ್ಲ. "ಬನ್ನಿ, ಕೂತ್ಕೊಳಿ" ಅಂದರೆ ಆ ಗಿರಾಕಿಯ ಕತೆ ಅಲ್ಲಿಗೆ ಮುಗಿಯಿತು.

ಕಾರು ಬಂದರೆ ಮೊದಲು ಬಾನೆಟ್ ಎತ್ತುವವರಲ್ಲ. ತಂದವರನ್ನು ಸ್ಟೂಲಿನ ಮೇಲೆ ಕೂರಿಸಿ, "ಶಬ್ದ ಹೆಂಗ್ ಬರ್ತದೆ, ಬಾಯಲ್ಲಿ ಮಾಡಿ ತೋರ್ಸಿ" ಅನ್ನುವರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಆ ಗುತ್ತಿಗೆದಾರರು ಸ್ಟೂಲಿನ ಮೇಲೆ ಕೂತು, ಇಲ್ಲದ ಸ್ಟೀರಿಂಗ್ ಹಿಡಿದು, ಕೆನ್ನೆಯುಬ್ಬಿಸಿ "ಬೂಂ... ಬಬ್ಬಬ್ಬಬ್ಬ" ಅನ್ನುವುದನ್ನು ನಾನು ನೋಡಿದ್ದೇನೆ. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಬಬ್ಬಬ್ಬನಾ, ಪಪ್ಪಪ್ಪನಾ? ಸರಿಯಾಗ್ ಹೇಳಿ ಸ್ವಾಮಿ" ಅನ್ನುವರು. ಆಮೇಲೆ ಎರಡನೆಯ ಪ್ರಶ್ನೆ. ಏನಾಗಿದೆ ಎಂದು ಕೇಳುತ್ತಿರಲಿಲ್ಲ. "ಚೆನ್ನಾಗಿದ್ದ ಕಡೇ ದಿನ ಯಾವ್ದು? ಅವತ್ತಿಂದ ಇವತ್ತಿನ್ ತಂಕ ಯಾರ್ಯಾರ್ ಕೈ ಹಾಕಿದ್ರು?" ಎಂದು ಕೇಳುತ್ತಿದ್ದರು. ಮೂರು ದಿನ ಹುಡುಕಬೇಕಾದ ದೋಷವನ್ನು ಈ ಪ್ರಶ್ನೆ ಎಷ್ಟೋ ಸಲ ಮೂರು ನಿಮಿಷದಲ್ಲಿ ತೋರಿಸಿಕೊಟ್ಟದ್ದುಂಟು.

"ಗಾಡಿ ಸುಳ್ಳ್ ಹೇಳಲ್ಲ ಕಣೋ. ತಂದೋನ್ ಹೇಳ್ತಾನೆ" ಅನ್ನುತ್ತಿದ್ದರು.

ಶೆಡ್ಡಿನ ಹಿಂಗೋಡೆಯ ತುಂಬ ಮೊಳೆಗಳು. ಕೆಟ್ಟು ಬಿಚ್ಚಿದ ಪಾರ್ಟನ್ನು ಎಸೆಯುತ್ತಿರಲಿಲ್ಲ, ತಂತಿಗೆ ಪೋಣಿಸಿ ನೇತುಹಾಕುತ್ತಿದ್ದರು. ಕಿಟಕಿಯ ಪಕ್ಕದ ಒಂದು ಮೊಳೆ ಮಾತ್ರ ಬೇರೆ. ಅದರಲ್ಲಿ ನಾಲ್ಕೋ ಐದೋ ಚೂರುಗಳಿದ್ದವು. ಅವರ ಕೈಯಿಂದಲೇ ಹಾಳಾದವು. ತಲೆ ಮುರಿದ ಒಂದು ಬೋಲ್ಟ್, ಉಲ್ಟಾ ಕೂರಿಸಿದ ಒಂದು ಸೀಲ್. "ಅದು ನನ್ ಮೊಳೆ. ದಿನಾ ಕಣ್ಣಿಗ್ ಬೀಳ್ಲಿ ಅಂತ" ಎಂದಿದ್ದರು. ಆಗ ನನಗೆ ಅದು ನಾಟಕ ಅನ್ನಿಸಿತ್ತು.

ಎಂ.ಟೆಕ್ ಮುಗಿಸಿ ಉಪನ್ಯಾಸಕನ ಕೆಲಸಕ್ಕೆ ಕಾಯುತ್ತಿದ್ದ ವರ್ಷ ಗುತ್ತಿಗೆದಾರರು ಒಂದು ಬಿಳಿ ಸೆಡಾನ್ ತಂದರು. ಬೆಂಗಳೂರಿನ ಆಚೆಯ ಒಂದು ವಿಮಾನದ ಓಡುದಾರಿಯಲ್ಲಿ ಕಾಲು ಮೈಲಿ ಓಟ, ಅದಕ್ಕೆ ಕಾರನ್ನು ತಯಾರು ಮಾಡಬೇಕು. ಜೊತೆಗೆ ಒಂದು ಪೆಟ್ಟಿಗೆ, ಹೊರದೇಶದಿಂದ ಬಂದ ನೈಟ್ರಸ್ ಕಿಟ್. ತುಮಕೂರಿನಲ್ಲಿ ಅದನ್ನು ಕಣ್ಣಾರೆ ಕಂಡ ಮೆಕ್ಯಾನಿಕ್ ಆಗ ಒಬ್ಬರೂ ಇರಲಿಲ್ಲ. ಮೇಸ್ತ್ರಿ ಅದರ ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗಿಟ್ಟು, "ಓದ್ ಹೇಳು. ಒಂದಕ್ಷರ ಬುಡ್ಬೇಡ" ಎಂದರು. ನಾಲ್ಕು ಮಧ್ಯಾಹ್ನ ಓದಿ ಹೇಳಿದೆ.

ವಿಷಯ ಇಷ್ಟೇ. ಎಂಜಿನ್ನಿಗೆ ಗಾಳಿಯೂ ಬೇಕು, ಪೆಟ್ರೋಲೂ ಬೇಕು. ನೈಟ್ರಸ್ ಎಂದರೆ ಬಾಟ್ಲಿಯಲ್ಲಿ ಅದುಮಿಟ್ಟ ಹೆಚ್ಚುವರಿ ಗಾಳಿ ಎಂದುಕೊಳ್ಳಿ. ಸ್ವಿಚ್ ಹಾಕಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಎರಡು ವಾಲ್ವ್ ಒಟ್ಟಿಗೆ ತೆರೆಯುತ್ತವೆ. ಒಂದರಲ್ಲಿ ನೈಟ್ರಸ್, ಇನ್ನೊಂದರಲ್ಲಿ ಅದಕ್ಕೆ ಸರಿಯಾದಷ್ಟು ಪೆಟ್ರೋಲ್. ಯಾವುದು ಎಷ್ಟು ಹೋಗಬೇಕು ಎಂಬುದನ್ನು ಜೆಟ್ ಎಂಬ ಎರಡು ಹಿತ್ತಾಳೆ ಚೂರುಗಳ ತೂತು ತೀರ್ಮಾನಿಸುತ್ತದೆ. ಪೆಟ್ರೋಲ್ ಹೆಚ್ಚಾದರೆ ಎಂಜಿನ್ ಕೆಮ್ಮಿ ಕಪ್ಪು ಹೊಗೆ ಬಿಡುತ್ತದೆ. ಕಡಿಮೆಯಾದರೆ ಕೆಮ್ಮುವುದಿಲ್ಲ, ಪಿಸ್ಟನ್ನೇ ಕರಗಿಹೋಗುತ್ತದೆ.

ಇನ್ನೊಂದು ವಿಷಯವಿತ್ತು. ಡಿಕ್ಕಿಯಲ್ಲಿ ಬಾಟ್ಲಿಯನ್ನು ಮಲಗಿಸಿ ಕಟ್ಟುವಾಗ ಅದರ ಲೇಬಲ್ ಮೇಲಕ್ಕಿರಬೇಕು. ಅದುಮಿಟ್ಟ ನೈಟ್ರಸ್ ಬಾಟ್ಲಿಯೊಳಗೆ ದ್ರವವಾಗಿರುತ್ತದೆ, ಅದನ್ನು ತಳದಿಂದ ಹೀರುವ ಬಾಗಿದ ಕೊಳವೆಯಿದೆ. ಲೇಬಲ್ ಕೆಳಗಾದರೆ ಕೊಳವೆ ಮೇಲಾಗುತ್ತದೆ, ದ್ರವದ ಬದಲು ಬರೀ ಆವಿ ಹೋಗುತ್ತದೆ, ನೈಟ್ರಸ್ ಸಾಲದೆ ಪೆಟ್ರೋಲ್ ಹೆಚ್ಚಾಗುತ್ತದೆ. ಇದನ್ನು ಓದಿ ಹೇಳಿದವನು ನಾನು. "ಲೇಬಲ್ ಮೇಲೆ" ಎಂದು ಅವರು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಇಷ್ಟು ಖಚಿತ.

ಕಿಟ್ ಕೂರಿಸಿದರು. ಗುಬ್ಬಿ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಓಡಿಸಿ ನೋಡಿದೆವು. ಬೆನ್ನು ಸೀಟಿಗೆ ಅಂಟಿಕೊಂಡಿತು. ಗುತ್ತಿಗೆದಾರರು ಇಳಿದು ಮೇಸ್ತ್ರಿಯನ್ನು ಅಪ್ಪಿಕೊಂಡರು. ಅವರ ಬಿಳಿ ಶರ್ಟಿಗೆ ಗ್ರೀಸ್ ಆಯಿತು.

ಆಮೇಲೆ ಆಯುಧಪೂಜೆ ಬಂತು. ಶೆಡ್ಡಿನ ಪ್ರತಿ ಸ್ಪಾನರಿಗೂ, ಜಾಕಿಗೂ, ಗಾಡಿಗೂ ಅವರು ಮೂರು ಬೆರಳಿನಿಂದ ಮೂರು ಗೆರೆ ವಿಭೂತಿ ಎಳೆಯುವರು. ಬಾಟ್ಲಿಯನ್ನೂ ಡಿಕ್ಕಿಯಿಂದ ತೆಗೆಸಿ, ತೊಳೆಸಿ, ಮಣೆಯ ಮೇಲಿಡಿಸಿದರು. ಲೇಬಲ್ಲಿನ ಅಕ್ಷರ ಮುಚ್ಚಬಾರದೆಂದು ಅದರ ಹಿಂಬದಿಗೆ ಗೆರೆ ಎಳೆದರು. "ಆಕ್ಸಿಡೈಸರಿಗೂ ಆಶೀರ್ವಾದವೇ?" ಎಂದು ನಾನು ಅಂದೆ. "ನೀನ್ ಸುಮ್ಕಿರಪ್ಪ, ಮಂಡಕ್ಕಿ ತಿನ್ನು" ಎಂದರು.

ಪೂಜೆಯಾದ ಮೇಲೆ ಬಾಟ್ಲಿ ಮತ್ತೆ ಡಿಕ್ಕಿಗೆ ಹೋಯಿತು. ಮೂರು ಗೆರೆ ಮೇಲೆ, ಲೇಬಲ್ ಕೆಳಗೆ. ವಿಭೂತಿಯನ್ನು ನೆಲದ ಕಡೆಗೆ ತಿರುಗಿಸಿ ಇಡುವವರು ನಮ್ಮ ಕಡೆ ಯಾರಿದ್ದಾರೆ? ಅವರು ಬಗ್ಗಿ ಅದನ್ನು ಇಟ್ಟು ಪಟ್ಟಿ ಬಿಗಿಯುವುದು ನನ್ನ ಕಣ್ಣ ಮುಂದಿದೆ. ಅವರ ಬೆನ್ನು, ಬೆವರು, ಪಟ್ಟಿ ಬಿಗಿಯುವಾಗಿನ ಉಸಿರು, ಎಲ್ಲವೂ.

ಹಬ್ಬದ ಮರುದಿನ ಕಾರು ಕೆಮ್ಮಲು ಶುರುಮಾಡಿತು. ನೈಟ್ರಸ್ ಸ್ವಿಚ್ ಹಾಕಿದರೆ ಒಂದು ಕ್ಷಣ ನುಗ್ಗಿ, ಆಮೇಲೆ ಮುಗ್ಗರಿಸಿ, ಕಪ್ಪು ಹೊಗೆ. ಮೇಸ್ತ್ರಿ ಎರಡು ದಿನ ಹುಡುಕಿದರು. ಅವರ ಕ್ರಮವೇ ಹಾಗೆ, ಒಂದು ಸಲಕ್ಕೆ ಒಂದೇ. ಪೆಟ್ರೋಲ್ ಪ್ರೆಷರ್ ನೋಡಿ, ಸರಿ ಎಂದು ಅದಕ್ಕೊಂದು ಕೆಂಪು ದಾರ ಕಟ್ಟಿಸುವರು. ಅರ್ತ್ ವೈರ್ ನೋಡಿ, ಅದಕ್ಕೊಂದು ದಾರ. ವಾಲ್ವನ್ನು ಬೇರೆ ಬ್ಯಾಟರಿಗೆ ಕೊಟ್ಟು ಟಿಕ್ ಎಂದು ತೆರೆಯುವುದನ್ನು ಕೇಳಿ, ಅದಕ್ಕೊಂದು. ಡಿಕ್ಕಿಯನ್ನೂ ತೆರೆದು ಬಾಟ್ಲಿಯ ಪ್ರೆಷರ್ ಗೇಜ್ ನೋಡಿದರು, ಸರಿಯಿತ್ತು. ಮೂರು ಗೆರೆ ಎದುರಿಗೇ ಕಂಡಿತು. ಮೂರು ಗೆರೆ ಕಂಡ ಮೇಲೆ ಲೇಬಲ್ ಎಲ್ಲಿದೆ ಎಂದು ಯಾರ ಕಣ್ಣು ಹುಡುಕುತ್ತದೆ?

ಕೊನೆಗೆ ತಮ್ಮ ಪ್ರಶ್ನೆ ಕೇಳಿದರು. "ಚೆನ್ನಾಗಿದ್ದಿದ್ದು ಹಬ್ಬದ್ ಹಿಂದಿನ್ ದಿನ. ಅವತ್ತಿಂದ ಈಚೆಗೆ ಯಾರ್ ಕೈ ಹಾಕಿದ್ರು?"

"ಯಾರೂ ಇಲ್ಲ" ಎಂದೆ.

ಅದು ಸುಳ್ಳಾಗಿರಲಿಲ್ಲ, ನಿಜವೂ ಆಗಿರಲಿಲ್ಲ. ತೊಳೆದು ಪೂಜೆ ಮಾಡುವುದನ್ನು ಕೈ ಹಾಕುವುದು ಎಂದು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರೂ ಹಿಡಿಯಲಿಲ್ಲ.

ಅಷ್ಟರಲ್ಲಿ ಹಾಗಲವಾಡಿಯಿಂದ ಅವರ ಅಕ್ಕನ ಗಂಡ ತೀರಿಕೊಂಡ ಸುದ್ದಿ ಬಂತು. ಹೊರಡುವಾಗ, "ಬಂದ್ಮೇಲೆ ಬಾಟ್ಲಿ ಕಡೆಯಿಂದ ನೋಡ್ತೀನಿ. ಅಲ್ಲೀತಂಕ ಜೆಟ್ ಮುಟ್ಬೇಡ" ಎಂದರು. ಹೀಗೆ ಹೇಳಿದರೇ? ಕೆಲವು ರಾತ್ರಿ ಹೇಳಿದರು ಎನಿಸುತ್ತದೆ, ಕೆಲವು ರಾತ್ರಿ ಇಲ್ಲ ಎನಿಸುತ್ತದೆ. ಅನುಕೂಲ ಬಂದಂತೆ ಬದಲಾಗುವ ನೆನಪನ್ನು ನಂಬಬಾರದು. ಹೇಳಿದರು ಎಂದೇ ಇಟ್ಟುಕೊಳ್ಳಿ.

ಓಟ ಭಾನುವಾರ. ಶನಿವಾರ ಗುತ್ತಿಗೆದಾರರು ಬಂದು ಶೆಡ್ಡಿನಲ್ಲಿ ಕೂಗಾಡಿದರು. "ಇಂಜಿನಿಯರ್ ಅಂತೀರಾ, ಅಷ್ಟ್ ಓದಿದೀರಾ, ನಿಮಗ್ ಗೊತ್ತಾಗಲ್ವಾ?" ಆ ಮಾತು ನನಗೆ ತಾಗಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಮಸಿ. ಮಸಿ ಎಂದರೆ ಪೆಟ್ರೋಲ್ ಹೆಚ್ಚು. ಪುಸ್ತಕ ಹಾಗೆ ಹೇಳುತ್ತದೆ, ನಾನೂ ಹಾಗೇ ಹೇಳಿದೆ. ಪೆಟ್ರೋಲಿನ ಜೆಟ್ ತೆಗೆದು ಸಣ್ಣ ತೂತಿನದನ್ನು ಹಾಕಿದೆ. ಓಡಿಸಿದರೆ ಕೆಮ್ಮು ಮಾಯ, ಕಾರು ಹಾರಿತು. "ಓದಿದೋರ್ ಓದಿದೋರೇ ಬುಡಿ" ಎಂದು ಗುತ್ತಿಗೆದಾರರು ನನ್ನ ಬೆನ್ನು ತಟ್ಟಿದರು. ಆ ತಟ್ಟಿನ ಸುಖ ಇವತ್ತಿಗೂ ನೆನಪಿದೆ, ಅದಕ್ಕೇ ಇಷ್ಟು ಸಿಟ್ಟು.

ಶನಿವಾರ ಬಾಟ್ಲಿ ಮುಕ್ಕಾಲು ಖಾಲಿಯಿತ್ತು. ಮೇಲಿದ್ದ ಕೊಳವೆ ಬರೀ ಆವಿ ಹೀರುತ್ತಿತ್ತು, ಆ ಆವಿಗೆ ಸಣ್ಣ ಜೆಟ್ ಸರಿಹೋಯಿತು. ಭಾನುವಾರ ಬಾಟ್ಲಿ ತುಂಬಿಸಿಕೊಂಡು ಬಂದು, "ಇದ್ದ ಹಾಗೇ" ಎಂದು ಮೂರು ಗೆರೆ ಮೇಲೆ ಮಾಡಿ ಕಟ್ಟಿದೆ. ಇದು ನಾನೇ, ಇದರಲ್ಲಿ ಅನುಮಾನವಿಲ್ಲ. ತುಂಬಿದ ಬಾಟ್ಲಿಯಲ್ಲಿ ಕೊಳವೆ ಮೇಲಿದ್ದರೂ ದ್ರವದಲ್ಲಿ ಮುಳುಗಿತ್ತು. ಪೂರ್ತಿ ನೈಟ್ರಸ್ ನುಗ್ಗಿತು, ಪೆಟ್ರೋಲ್ ಸಾಲಲಿಲ್ಲ. ಹಸಿರು ದೀಪ ಬಂದು ಐದು ಸೆಕೆಂಡ್ ಆಗಿರಬಹುದು. ಡಬ್ ಎಂಬ ಸದ್ದು. ಓಡುದಾರಿಯ ಮಧ್ಯದಲ್ಲಿ ಕಾರು ಹೊಗೆ ಬಿಡುತ್ತ ನಿಂತಿತು.

ಸೋಮವಾರ ಅದನ್ನು ಎಳೆದು ತಂದರು. ಹಾಗಲವಾಡಿಯಿಂದ ಅದೇ ತಾನೇ ಬಂದಿದ್ದ ಮೇಸ್ತ್ರಿ ಎಂಜಿನ್ ಬಿಚ್ಚಿಸಿದರು. ಮೂರನೆಯ ಪಿಸ್ಟನ್ನಿನ ನೆತ್ತಿಯಲ್ಲಿ ಎಂಟಾಣೆಯಗಲದ ತೂತು. ಆಮೇಲೆ ಪೆಟ್ರೋಲಿನ ಜೆಟ್ ಬಿಚ್ಚಿಸಿ, ಅಂಗೈ ಮೇಲಿಟ್ಟುಕೊಂಡು, ಬೆಳಕಿಗೆ ಹಿಡಿದು ಅದರ ನಂಬರ್ ಓದಿದರು. ಆಮೇಲೆ ಡಿಕ್ಕಿಗೆ ಹೋಗಿ ಬಾಟ್ಲಿಯ ಪಟ್ಟಿ ಸಡಿಲಿಸಿ ಉರುಳಿಸಿದರು. ಲೇಬಲ್ ಮೇಲೆ ಬಂತು.

"ಯಾರ್ರೀ ಮಾಡಿದ್ದು ಇದನ್ನ?" ಎಂದು ಗುತ್ತಿಗೆದಾರರು ಕಿರುಚಿದರು. ಜೆಟ್ ಬದಲಿಸಿದ್ದು ನಾನೆಂದು ಅವರಿಗೆ ಗೊತ್ತಿತ್ತು, ಪಕ್ಕದಲ್ಲೇ ನಿಂತಿದ್ದವರು. ಆದರೆ ನನ್ನಿಂದ ಮಾಡಿಸಿದವರು ಅವರು. ಆ ಹೊತ್ತಿಗೆ ಅವರಿಗೂ ಬೇರೆ ಯಾರಾದರೂ ಬೇಕಾಗಿತ್ತು.

"ಏನ್ ಯಾರು? ನನ್ ಶೆಡ್ಡಿಂದ ಹೋದ ಗಾಡಿ. ನನ್ ಕೆಲ್ಸ" ಎಂದರು ಮೇಸ್ತ್ರಿ.

"ಬೂದಿ ಬಳ್ಕೊಂಡು ಬಾಟ್ಲಿ ತಿರುಗ್ಸಿ ಇಟ್ಟಿದೀರಲ್ರೀ! ಪೂಜೆ ಮಾಡೋಕ್ ಬಂದಿದ್ರಾ, ಗಾಡಿ ಮಾಡೋಕ್ ಬಂದಿದ್ರಾ?"

ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಮೇಸ್ತ್ರಿ ನನ್ನ ಕಡೆ ತಿರುಗಿ ಮೆಲ್ಲಗೆ, "ನೀವು ಮನೇಗ್ ಹೋಗಿ. ಊಟದ್ ಹೊತ್ತಾಯ್ತು" ಎಂದರು.

ನೀವು.

ಮತ್ತೆ ಆ ಶೆಡ್ಡಿಗೆ ಹೋಗಲಿಲ್ಲ. ಮರುತಿಂಗಳು ನನಗೆ ಕೆಲಸ ಸಿಕ್ಕಿತು. ವೇಗದ ಕಾರುಗಳು ಅವರ ಹತ್ತಿರ ಬರುವುದು ನಿಂತಿತು. ಟೆಂಪೋ, ಟ್ರ್ಯಾಕ್ಟರ್ ಮಾಡಿಕೊಂಡು ಇದ್ದಾರೆ ಎಂದು ಯಾರೋ ಹೇಳಿದರು. ನಾನು ತರಗತಿಯಲ್ಲಿ ಎಂಜಿನ್ ಪಾಠ ಮಾಡುತ್ತಿದ್ದೆ. ಪ್ರತಿವರ್ಷ ಈ ಕತೆಯನ್ನೂ ಹೇಳುತ್ತಿದ್ದೆ. ವಿಭೂತಿ ಕೆಳಗಾಗಬಾರದೆಂದು ಬಾಟ್ಲಿ ತಿರುಗಿಸಿ ಎಂಜಿನ್ ಸುಟ್ಟ ಮೆಕ್ಯಾನಿಕ್. ಮೂಢನಂಬಿಕೆಗೂ ಪಿಸ್ಟನ್ನಿಗೂ ಏನು ಸಂಬಂಧ ಎಂದು ಕೇಳಿ, ನಗಿಸಿ, ಆಮೇಲೆ ಪಾಠ. ಆ ಕತೆಯಲ್ಲಿ ಜೆಟ್ ಬದಲಿಸಿದವನು ಇರಲಿಲ್ಲ. ನನ್ನೊಳಗೆ ಮಾತ್ರ ಒಂದು ಪಾಲುಪಟ್ಟಿ ಇತ್ತು. ಜೆಟ್ ನನ್ನದು, ಬಾಟ್ಲಿ ಅವರದು. ಅರ್ಧ, ಅರ್ಧ. ಆ ಅರ್ಧದ ಆಧಾರದ ಮೇಲೆ ಆರು ವರ್ಷ ನಿದ್ದೆ ಮಾಡಿದೆ.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಅವರ ಹೆಂಡತಿಯನ್ನು ಮಾತಾಡಿಸಲು ಮನೆಗೆ ಹೋದೆ. ಮನೆ ಶೆಡ್ಡಿನ ಹಿಂದೆಯೇ. ಆಕೆ ಕಾಫಿ ಕೊಟ್ಟರು. ಏನಾದರೂ ಮಾತಾಡಬೇಕಲ್ಲ ಎಂದು, "ಟವೆಲ್ ಹಾಕಿದ ಫೋಟೋ ಎಲ್ಲಿ ಸಿಕ್ತಮ್ಮ? ಅವ್ರು ಹಾಕ್ತಿರ್ಲಿಲ್ವಲ್ಲ" ಎಂದೆ.

"ಟವೆಲ್ ಎಲ್ಲಿ ಬಂತು? ಕೈ ಕಟ್ಟಿದ್ದ ಬಟ್ಟೆ ಅದು."

ಒಳಗೆ ಹೋಗಿ ಪೂರ್ತಿ ಫೋಟೋ ತಂದು ಕೈಗಿಟ್ಟರು. ಆಯುಧಪೂಜೆಯ ದಿನ. ಬಾಳೆಕಂಬ ಕಟ್ಟಿದ ಬಿಳಿ ಕಾರು. ಮೇಸ್ತ್ರಿಯ ಎಡಗೈ ಮೊಣಕೈಯಿಂದ ಬೆರಳ ತನಕ ಬ್ಯಾಂಡೇಜು, ಕೊರಳಿನಿಂದ ಇಳಿಬಿಟ್ಟ ಬಿಳಿ ಬಟ್ಟೆಯ ಜೋಲಿಯಲ್ಲಿ ಮಲಗಿದೆ. ಅವರ ಪಕ್ಕದಲ್ಲಿ ನಾನು. ನನ್ನ ಎರಡೂ ತೋಳುಗಳಲ್ಲಿ, ಕೂಸನ್ನು ಎತ್ತಿಕೊಂಡ ಹಾಗೆ, ಆ ಬಾಟ್ಲಿ. ಮೂರು ಗೆರೆ ಮೇಲೆ. ಹಿಂದೆ ಡಿಕ್ಕಿ ತೆರೆದಿದೆ.

"ಹಬ್ಬಕ್ಕೆ ವಾರ ಮುಂಚೆ ಜಾಕಿ ಜಾರಿ ಮಣಿಕಟ್ಟು ಮುರ್ಕೊಂಡಿದ್ರಲ್ಲ" ಎಂದರು ಆಕೆ. "ಎರಡ್ ತಿಂಗ್ಳು ಒಂದ್ ಲೋಟ ಎತ್ತಕ್ಕಾಗ್ತಿರ್ಲಿಲ್ಲ. ನೀವೇ ಅಲ್ವಾ ಮೇಷ್ಟ್ರೇ ಎಲ್ಲಾ ಎತ್ತಿ ಇಳ್ಸಿ ಮಾಡ್ತಿದ್ದಿದ್ದು?"

ಅವರ ಬೆನ್ನು, ಬೆವರು, ಪಟ್ಟಿ ಬಿಗಿಯುವಾಗಿನ ಉಸಿರು. ಅದೆಲ್ಲ ನನ್ನದೇ. ಹನ್ನೊಂದು ಕೆಜಿಯ ಬಾಟ್ಲಿಯನ್ನು ಒಂದು ಕೈಯಲ್ಲಿ ಡಿಕ್ಕಿಗಿಳಿಸಿ ಕಟ್ಟಲು ಯಾರಿಗೂ ಆಗುವುದಿಲ್ಲ. ಇಟ್ಟವನು ನಾನು. ಲೇಬಲ್ ಮೇಲಿರಬೇಕೆಂದು ಓದಿ ಹೇಳಿದವನೂ ನಾನೇ. ಗುಬ್ಬಿಯ ನಮ್ಮ ಮನೆಯಲ್ಲಿ ವಿಭೂತಿ ಗಟ್ಟಿ ನೆಲಕ್ಕೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತಿಡಬೇಕಿತ್ತು. ಅದನ್ನೆಲ್ಲ ಕಾಲೇಜಿನಲ್ಲಿ ಬಿಟ್ಟೆ ಎಂದುಕೊಂಡಿದ್ದೆ. ತಲೆ ಬಿಟ್ಟಿತ್ತು. ಕೈಗಳು ಬಿಟ್ಟಿರಲಿಲ್ಲ. ಹಾಸ್ಯ ಮಾಡಿದ ಬಾಯಿ ಮಂಡಕ್ಕಿ ತಿನ್ನುತ್ತಿದ್ದಾಗ ಕೈಗಳು ಗೆರೆಯನ್ನು ಭಕ್ತಿಯಿಂದ ಮೇಲೆ ಮಾಡಿ ಇಟ್ಟಿದ್ದವು.

ಎದ್ದು ಶೆಡ್ಡಿಗೆ ಹೋದೆ. ಕಿಟಕಿಯ ಪಕ್ಕದ ಮೊಳೆ ಹಾಗೇ ಇತ್ತು. ಮುರಿದ ಬೋಲ್ಟ್, ಉಲ್ಟಾ ಸೀಲ್, ಎಲ್ಲಕ್ಕಿಂತ ಮುಂದೆ ತಂತಿಯಲ್ಲಿ ಒಂದು ಹಿತ್ತಾಳೆ ಚೂರು. ನಂಬರ್ ಓದಬೇಕಾಗಿರಲಿಲ್ಲ.

ನನಗೆ ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ಯಾರು ಕೇಳಿದ್ದರು? ನನ್ನ ತಪ್ಪನ್ನು ತಮ್ಮ ಮೊಳೆಗೆ ಹಾಕಿಕೊಳ್ಳಲು ಯಾರು ಅಧಿಕಾರ ಕೊಟ್ಟಿದ್ದರು? ಅವತ್ತು ಕಪಾಳಕ್ಕೆ ಬಾರಿಸಿದ್ದರೆ ಅಲ್ಲಿಗೆ ತೀರುತ್ತಿತ್ತು. ನೀವು ಎಂದು ಕರೆದು ಊಟಕ್ಕೆ ಕಳಿಸಿಬಿಟ್ಟರು.

ಆಕೆ ಬಾಗಿಲಲ್ಲಿ ನಿಂತಿದ್ದರು.

"ಇದು ಅವ್ರದ್ದಲ್ಲಮ್ಮ" ಎಂದೆ.

"ಗೊತ್ತು. ಅವ್ರು ದಿನಾ ಕಾಯ್ತಿದ್ರು, ಬಂದು ತಗೊಂಡ್ ಹೋಗ್ತಾನೆ ಅಂತ." ದನಿ ಏರಲಿಲ್ಲ. "ನಿಮ್ದು ನೀವ್ ತಗೊಂಡ್ ಹೋಗಿ."

ತಂತಿ ಬಿಚ್ಚಿ ಜೆಟ್ ತೆಗೆದುಕೊಂಡೆ.

ಈ ವರ್ಷವೂ ಆ ಪಾಠ ಬಂತು. ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಆ ವಿಭೂತಿ ಮೆಕ್ಯಾನಿಕ್ ಕತೆ ಹೇಳಿ ಸರ್, ಸೀನಿಯರ್ಸ್ ಹೇಳ್ತಿದ್ರು" ಎಂದ. ಅವರ ಶೆಡ್ಡಿಗೆ ಬೀಗ ಬಿದ್ದಿತ್ತು, ನನ್ನ ಕತೆ ಇನ್ನೂ ಓಡುತ್ತಿತ್ತು. ಜೇಬಿನಿಂದ ಜೆಟ್ ತೆಗೆದು ಮೇಜಿನ ಮೇಲಿಟ್ಟೆ.

"ಆ ಮೆಕ್ಯಾನಿಕ್ ನಾನು" ಎಂದೆ.

ಇಡೀ ಕ್ಲಾಸು ನಕ್ಕಿತು. ಕತೆ ಹೀಗೆ ಶುರುವಾಗುತ್ತದೆ ಎಂದುಕೊಂಡರು. ನಗು ಮುಗಿಯಲೆಂದು ಕಾದು ಮತ್ತೆ ಹೇಳಿದೆ. ಆಗಲೂ ಕೆಲವರು ನಕ್ಕರು. ಮೂರನೆಯ ಸಲ ಹೇಳಿದೆ.